ಮಾಹಿತಿದಾರ ಹನ್ನೊಂದು

ಏಣಿಯ ತುದಿಯಲ್ಲಿ ನಿಂತು ಕಾಯಿ ಸುಲಿಯುವ ರಾಜಣ್ಣ ಮಚ್ಚಿನ ಮೊನೆಯಿಂದ ಫ್ಲೆಕ್ಸಿನ ಎಡಮೂಲೆಯ ದಾರ ಕೊಯ್ದ. ಬಲಮೂಲೆ ಇನ್ನೂ ಲೈಟುಕಂಬಕ್ಕೆ ಬಿಗಿದೇ ಇತ್ತು. ಫ್ಲೆಕ್ಸು ಅರ್ಧ ಮಡಿಚಿಕೊಂಡು ಜೋತುಬಿತ್ತು. ಮಧ್ಯದಲ್ಲಿದ್ದ ಮಧುಶ್ರೀಯ ದೊಡ್ಡ ಮುಖ ಮುಚ್ಚಿಹೋಗಿ, ಕೆಳಗಡೆ ಕೈಮುಗಿದು ನಿಂತಿದ್ದ ರುದ್ರೇಶನ ಚಿಕ್ಕ ಚಿತ್ರವಷ್ಟೇ ಉಳಿಯಿತು.

ಹಂದನಕೆರೆ ಕಡೆಯ ಬಸ್ಸು ಬಂದು ಅದರ ಕೆಳಗೇ ನಿಂತಿತು. ಇಳಿದವರ ಕೈಯಲ್ಲಿ ಹೂವಿನ ಹಾರಗಳಿದ್ದವು. ಅವರು ತಲೆಯೆತ್ತಿ, ಮಡಿಕೆಯ ಆಚೀಚೆ ಕಂಡಷ್ಟನ್ನು ಓದಿಕೊಂಡರು. ಗಣಿತ ಶಿಕ್ಷಣದಲ್ಲಿ ಡಾಕ್ಟರೇಟ್ ಪಡೆದ ನಮ್ಮೂರ ಸೊಸೆಗೆ ಹಾರ್ದಿಕ ಅಭಿನಂದನೆಗಳು. ಶುಭ ಕೋರುವವರು, ರುದ್ರೇಶ್ ಮತ್ತು ಗೆಳೆಯರು.

ಗುಂಪಿನಲ್ಲಿದ್ದ ಮುದುಕರೊಬ್ಬರು ಕಣ್ಣಿಗೆ ಕೈ ಅಡ್ಡ ಹಿಡಿದು ಕೇಳಿದರು. "ಹೋಗಿರೋನು ಇವ್ನೇ ಅಲ್ವೇನ್ಲಾ?"

"ಇವ್ರೇ ಕಣ್ರೀ," ಎಂದ ರಾಜಣ್ಣ ಏಣಿಯ ಮೇಲಿಂದ. "ನಿನ್ನೆ ಸಾಯಂಕಾಲ ತಾವೇ ನಿಂತ್ಕಂಡು ಕಟ್ಸಿದ್ರು."

"ಡಾಕ್ಟ್ರಾಗೋಯ್ತಾ ಆಯಮ್ಮ?"

"ಇಲ್ಲ. ಇವತ್ತಿತ್ತು ಕೊನೇ ಪರೀಕ್ಷೆ. ಆಗೇ ಆಯ್ತಾಳೆ, ಇವತ್ತು ವಾಪಸ್ ಬಸ್ಸಿಳಿಯೋವಾಗ ನೋಡ್ಲಿ ಅಂತ ಮುಂಚೇನೇ ಕಟ್ಸಿದ್ರು."

ಮುದುಕರು ಇನ್ನೊಮ್ಮೆ ಚಿತ್ರ ನೋಡಿದರು. ಕೈಯಲ್ಲಿದ್ದ ಹಾರವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡು ನಡೆದರು. ರಾಜಣ್ಣ ಬಲಮೂಲೆಯನ್ನೂ ಕೊಯ್ದು, ಫ್ಲೆಕ್ಸನ್ನು ಸುರುಳಿ ಸುತ್ತಿ ಹೆಗಲ ಮೇಲಿಟ್ಟುಕೊಂಡು ಅವರ ಹಿಂದೆ ಹೊರಟ. ಹೊಸದು, ಗಟ್ಟಿ ಬಟ್ಟೆ. ಹೆಣಕ್ಕೆ ನೀರು ಹಾಕುವ ಕಡೆ ಮರೆಗೆ ಕಟ್ಟಲು ಬಂತು. ಅಕ್ಷರ ಹೊರಗೆ ಕಾಣದಂತೆ ತಿರುಗಿಸಿ ಕಟ್ಟಿದರು.

ರುದ್ರೇಶ ಬೆಳಗಿನ ಜಾವ ಮಲಗಿದಲ್ಲೇ ತೀರಿಕೊಂಡಿದ್ದ. ಶೆಟ್ಟಿಕೆರೆಯಿಂದ ಡಾಕ್ಟರು ಬಂದು ನೋಡಿ, ಹೃದಯ ನಿಂತು ಆಗಲೇ ಬಹಳ ಹೊತ್ತಾಗಿದೆ ಎಂದು ಹೇಳಿ ಹೋಗಿದ್ದರು. ನಲವತ್ತು ತುಂಬಿರಲಿಲ್ಲ. ಕಾಯಿ ಕೊಂಡು, ಅಟ್ಟದಲ್ಲಿ ವರ್ಷವಿಡೀ ಒಣಗಿಸಿ, ಕೊಬ್ಬರಿ ಮಾಡಿ ತಿಪಟೂರಿಗೆ ಹಾಕುವುದು ಅವನ ಅಪ್ಪ ಬಸವರಾಜಪ್ಪನವರ ವ್ಯಾಪಾರ. ಮಗ ಮನೆಯ ಹಿಂದೆ ಕಾಯಿ ಸುಲಿದು ಎಣಿಸುವ ಕಣ ನೋಡಿಕೊಳ್ಳುತ್ತಿದ್ದ. ಯಾರೊಂದಿಗೂ ಜಗಳವಾಡಿದವನಲ್ಲ, ಯಾವ ಸಭೆಯಲ್ಲೂ ಮಾತಾಡಿದವನಲ್ಲ. ಹಾಗಾಗಿ ಅವನ ಬಗ್ಗೆ ಹೇಳಲು ಬಂದವರಲ್ಲಿ ಹೆಚ್ಚೇನೂ ಇರಲಿಲ್ಲ. ಅವರು ಅವನ ಹೆಂಡತಿಯ ಬಗ್ಗೆ ಮಾತಾಡಿದರು.

"ಹೆಣದ ಪಕ್ಕದಲ್ಲಿ ಕೂತ್ಕಂಡು ಪಾಠ ಒಪ್ಪಿಸ್ತಿದ್ಲಂತೆ ಕಣೇ," ಎಂದಳು ರುದ್ರೇಶನ ಅಕ್ಕ ಶಾಂತಕುಮಾರಿ, ಪಕ್ಕದ ಮನೆಯಾಕೆಗೆ. ದನಿ ತಗ್ಗಿಸಲಿಲ್ಲ. "ಕಾಫಿ ತಣ್ಣಗಾದ್ಮೇಲೆ ಗೊತ್ತಾಯ್ತಂತೆ ಗಂಡ ಹೋಗವ್ನೆ ಅಂತ."

ಅದು ಸುಳ್ಳಲ್ಲ. ಮಧುಶ್ರೀ ಕತ್ತಲಿರುವಾಗಲೇ ಎದ್ದಿದ್ದಳು. ಅವನಿಗೆ ಎಚ್ಚರವಾಗಬಾರದೆಂದು ದೀಪ ಹಾಕದೆ, ಲ್ಯಾಪ್‌ಟಾಪಿನ ಬೆಳಕಿನಲ್ಲೇ ಕುಳಿತು, ವಿಶ್ವವಿದ್ಯಾಲಯದಲ್ಲಿ ಹೇಳಬೇಕಾದ್ದನ್ನು ಮೆಲುದನಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಹೇಳಿಕೊಂಡಿದ್ದಳು. ನಡುವೆ ಒಂದು ಕಡೆ ನಿಲ್ಲಿಸಿ, "ಇದು ಅರ್ಥ ಆಗುತ್ತೇನ್ರೀ?" ಎಂದು ಕೇಳಿದ್ದಳು. ಅದು ಅಭ್ಯಾಸ. ಅವನು ನಿದ್ದೆಯಲ್ಲೂ ಹ್ಞೂಂ ಅನ್ನುತ್ತಿದ್ದ. ಅನ್ನಲಿಲ್ಲ. ಅವಳು ಮುಂದಿನ ಪುಟಕ್ಕೆ ಹೋಗಿದ್ದಳು.

ಈಗ ಒಳಕೋಣೆಯಲ್ಲಿ ಅವಳನ್ನು ಮಣೆಯ ಮೇಲೆ ಕೂರಿಸಿ ಹೆಂಗಸರು ಸಿಂಗರಿಸುತ್ತಿದ್ದರು. ಮುತ್ತೈದೆಗೆ ಕೊನೆಯ ಸಲ ಹೂವು, ಅರಿಶಿನ, ಕುಂಕುಮ, ಕೈತುಂಬ ಹಸಿರು ಬಳೆ ಕೊಡಬೇಕು. ಸಂಜೆ ಮಣ್ಣು ಮಾಡುವ ಗುಣಿಯ ಹತ್ತಿರ ಎಲ್ಲವನ್ನೂ ತೆಗೆಯಬೇಕು. ಅತ್ತೆ ಚಿಕ್ಕಗೌರಮ್ಮ ತಾವೇ ಮದುವೆಯ ಸೀರೆ ತೆಗೆದು ಉಡಿಸಿದರು. ಮಲ್ಲಿಗೆ ದಂಡೆ ಮುಡಿಸುವಾಗ ಪಿನ್ನು ತಲೆಗೆ ಚುಚ್ಚಿತು. ಮಧುಶ್ರೀ ಅಲುಗಲಿಲ್ಲ. ಅವಳ ತವರಿನವರು ಸಂಪಿಗೆ ಎಂಬ ಊರಿನಿಂದ ಹೊರಟಿದ್ದರು, ಇನ್ನೂ ಬಂದಿರಲಿಲ್ಲ. ಆ ಕೋಣೆಯಲ್ಲಿ ಅವಳ ಕಡೆಯವರು ಅಂತ ಯಾರೂ ಇರಲಿಲ್ಲ.

ಮಡಿಲಲ್ಲಿದ್ದ ಫೋನು ಮತ್ತೆ ಹೊಡೆದುಕೊಂಡಿತು. ಅವಳ ಗೈಡು, ಪ್ರೊಫೆಸರ್ ಹನುಮಂತಯ್ಯ. ಈ ಸಲ ತೆಗೆದಳು.

ಅವರು ಮೊದಲು ದುಃಖ ಹೇಳಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು ವಿಷಯಕ್ಕೆ ಬಂದರು. ಈ ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ಅವಳ ನೋಂದಣಿಗೆ ಸಿಗಬಹುದಾದ ವಿಸ್ತರಣೆಯೆಲ್ಲ ಮುಗಿದಿದೆ. ಇವತ್ತಿನ ಮೌಖಿಕ ಪರೀಕ್ಷೆ ಮುಂದಕ್ಕೆ ಹೋದರೆ ಹೊಸ ಗೈಡು, ಹೊಸ ಸಮಿತಿ. ಇನ್ನೊಬ್ಬರ ವಿದ್ಯಾರ್ಥಿಯನ್ನು ಯಾರೂ ಮುಟ್ಟುವುದಿಲ್ಲ. ಧಾರವಾಡದಿಂದ ಪರೀಕ್ಷಕರು ಬಂದು ಕೂತಿದ್ದಾರೆ. ಆನ್‌ಲೈನಿಗೆ ಅನುಮತಿ ತೆಗೆದುಕೊಂಡಾಗಿದೆ. ಅರ್ಧ ಗಂಟೆ, ಕ್ಯಾಮೆರಾ ಮುಂದೆ ಕೂತರೆ ಸಾಕು.

"ಇನ್ನೊಂದು ಮಾತು. ಧಾರವಾಡದ ಆ ಮೇಡಂಗೆ ವಿಷಯ ಹೇಳಬೇಡಮ್ಮ. ಬಸ್ಸು ಕೆಟ್ಟು ನೀನು ಊರಲ್ಲೇ ಉಳಿದೆ ಅಂತ ಹೇಳಿದೀನಿ. ಅವರು ತುಂಬಾ ಒಳ್ಳೆ ಹೆಂಗಸು. ಗೊತ್ತಾದ್ರೆ ಮುಂದಕ್ಕೆ ಹಾಕ್ಬಿಡ್ತಾರೆ."

ಕೋಣೆಯಲ್ಲಿದ್ದವರೆಲ್ಲ ಅದನ್ನು ಕೇಳಿಸಿಕೊಂಡರು. ಸ್ಪೀಕರ್ ಹೇಗೋ ಆನ್ ಆಗಿಬಿಟ್ಟಿತ್ತು.

ಚಿಕ್ಕಗೌರಮ್ಮ ಅವಳ ಮಡಿಲಿಂದ ಫೋನು ತೆಗೆದು ಕಿಟಕಿಯ ಮೇಲಿಟ್ಟರು. "ಗಂಡನ ಹೆಣ ಪಡಸಾಲೇಲಿ ಮಡಗ್ಕಂಡು ಪರೀಕ್ಷೆ ಬರೀತೀಯೇನೇ? ಎದ್ದು ಹೋಗಿ ಅವನ ಪಕ್ಕ ಕೂತ್ಕೋ."

"ಬರೆಯೋದಲ್ಲ ಅತ್ತೆ. ಮಾತಾಡೋದು," ಎಂದಳು ಮಧುಶ್ರೀ.

ಆ ಬೆಳಗ್ಗೆ ಅವಳು ಮನೆಯವರ ಮುಂದೆ ಆಡಿದ ಮೊದಲ ಮಾತು ಅದು. ಶಾಂತಕುಮಾರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪಡಸಾಲೆಯಲ್ಲಿ ಬೇರೆಯದೇ ತೊಡಕು ಎದ್ದಿತ್ತು. ರುದ್ರೇಶ ಅಂಗಾತ, ಕಾಲು ನೀಡಿಕೊಂಡು ಸತ್ತಿದ್ದ. ಅವರಲ್ಲಿ ಸತ್ತವರನ್ನು ಪದ್ಮಾಸನ ಹಾಕಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಕೂತ ಹಾಗೇ ತೋಟದಲ್ಲಿ ಮಣ್ಣು ಮಾಡುತ್ತಾರೆ. ಜೀವ ಹೋದ ತಕ್ಷಣ ಕಾಲು ಮಡಿಸಿ ಗೋಡೆಗೆ ಒರಗಿಸಿಬಿಟ್ಟರೆ ತೊಂದರೆಯಿಲ್ಲ. ಹೊತ್ತು ಮೀರಿತ್ತು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿದರು, ಕೊಬ್ಬರಿ ಎಣ್ಣೆ ಉಜ್ಜಿದರು. ಮಂಡಿ ಮಡಿಯಲಿಲ್ಲ.

ಒಬ್ಬರು ಮಲಗಿಸಿಯೇ ಮಾಡಿದರಾಗದೇ ಎಂದು ಕೇಳಿದರು. ಮಠದಿಂದ ಬಂದಿದ್ದ ಅಯ್ಯನವರು ತಲೆಯಾಡಿಸಿದರು. ಗುಣಿಯನ್ನು ಕೂರುವ ಅಳತೆಗೆ ತೋಡಿಯಾಗಿತ್ತು. ಈ ಮನೆತನದಲ್ಲಿ ಮಲಗಿ ಮಣ್ಣಿಗೆ ಹೋದವರು ಯಾರೂ ಇಲ್ಲ ಎಂದು ಬಸವರಾಜಪ್ಪನವರೂ ಹೇಳಿದರು.

ಅಷ್ಟರಲ್ಲಿ ಚಿಕ್ಕಗೌರಮ್ಮ ಬಂದು ಸೊಸೆಯ ವಿಷಯ ತೆಗೆದರು. ಬಸವರಾಜಪ್ಪನವರು ಅದನ್ನು ಪೂರ್ತಿ ಕೇಳಿದರು. ವ್ಯಾಪಾರದ ಮಾತು ಕೇಳುವಾಗ ಹೇಗೋ ಹಾಗೆ, ನೆಲ ನೋಡುತ್ತ. ಬಾಗಿಲಲ್ಲಿ ಹೂವು ಮುಡಿದು ನಿಂತಿದ್ದ ಮಧುಶ್ರೀಯ ಕಡೆ ತಿರುಗಿದರು.

"ಇವನ್ನ ಕೂರ್ಸೋಕೆ ಹೆಂಗೂ ಒಂದ್ಗಂಟೆ ಬೇಕು. ಅಷ್ಟ್ರೊಳಗೆ ಮುಗಿಸ್ಕಂಡ್ ಬಾ." ಸ್ವಲ್ಪ ತಡೆದು ಸೇರಿಸಿದರು. "ಮಕ್ಕಳಂತೂ ಆಗ್ಲಿಲ್ಲ. ನಾಳೆ ಈ ಮನೆ, ತೋಟ ಅಂತ ನೀನು ಬಾಯಿ ಬಿಡಬಾರ್ದು. ಆ ಓದೊಂದಾದ್ರೂ ನಿಂದು ಅಂತ ಇರ್ಲಿ."

ಇಷ್ಟು ಜನರ ಮುಂದೆ ಹೇಳಿದ ಮಾತು. ಮಧುಶ್ರೀ ಒಳಗೆ ಹೋಗಿ ಕಿಟಕಿಯ ಮೇಲಿದ್ದ ಫೋನನ್ನೂ ಲ್ಯಾಪ್‌ಟಾಪನ್ನೂ ಎತ್ತಿಕೊಂಡಳು.

*

ರುದ್ರೇಶ ಹತ್ತನೇ ತರಗತಿಯ ಗಣಿತದಲ್ಲಿ ಮೂರು ಸಲ ಫೇಲಾದವನು. ಅದಕ್ಕೂ ಮೊದಲೇ ಅಪ್ಪ ಅವನಿಗೆ ಕಣದಲ್ಲಿ ಎಣಿಕೆ ಕಲಿಸಲು ನೋಡಿದ್ದರು. ಕೈಗೆರಡರಂತೆ ಕಾಯಿ ಎತ್ತಿ ಆಚೆ ರಾಶಿಗೆ ಎಸೆಯಬೇಕು. ನೂರಾದಾಗ ಗುರುತಿಗೆ ಒಂದು ಕಾಯಿ ಪಕ್ಕಕ್ಕಿಡಬೇಕು. ಹುಡುಗ ನೂರರವರೆಗೆ ಸರಿಯಾಗಿಯೇ ಹೋಗುತ್ತಿದ್ದ. ಗುರುತಿನ ಕಾಯಿ ಇಟ್ಟೆನೋ ಇಲ್ಲವೋ ಎಂಬ ಅನುಮಾನ ಬಂದುಬಿಡುತ್ತಿತ್ತು. ಬಂದರೆ ಮುಗಿಯಿತು, ಮೊದಲಿಂದ. ಅಪ್ಪ ಸುಲಿಯುವ ಆಳುಗಳನ್ನೆಲ್ಲ ಕೆಲಸ ನಿಲ್ಲಿಸಿ ನೋಡಲು ಹೇಳುತ್ತಿದ್ದರು. ಹುಡುಗ ಇಡೀ ರಾಶಿಯನ್ನು ಮತ್ತೆ ಈಚೆಗೆ ಎಸೆಯುತ್ತಿದ್ದ. ಆಳುಗಳು ಬೀಡಿ ಹಚ್ಚಿಕೊಂಡು ನಗುತ್ತಿದ್ದರು. ರಾಜಣ್ಣನೂ ಆಗ ಸುಲಿಯುವ ಹುಡುಗ. ಅವನೂ ನಗುತ್ತಿದ್ದ. ಆಮೇಲೆ ಇಬ್ಬರೂ ಕೆರೆಗೆ ಈಜಲು ಹೋಗುತ್ತಿದ್ದರು.

ಮಧುಶ್ರೀ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಬಿ.ಇಡಿ. ಎಂ.ಇಡಿ. ಮುಗಿಸಿ ಬಂದ ಸೊಸೆ. ಸಂಬಂಧ ಕುದುರಿದ್ದು ಹೇಗೆಂದು ಊರಿಗೆ ಇವತ್ತಿಗೂ ಅರ್ಥವಾಗಿಲ್ಲ. ಶಾಲೆಯ ಗಣಿತದಲ್ಲಿ ಸೋತವರು ದುಡಿಮೆಯ ಜಾಗದಲ್ಲಿ ಹೇಗೆ ಎಣಿಸುತ್ತಾರೆ ಎಂಬ ವಿಷಯವನ್ನು ಅವಳು ಪಿಎಚ್‌.ಡಿ.ಗೆ ಆರಿಸಿಕೊಂಡಾಗ ಕಣ ಮನೆಯ ಹಿಂದೆಯೇ ಇತ್ತು. ಹತ್ತು ಜನರನ್ನು ಮಾತಾಡಿಸಿದಳು, ಎಣಿಸುವಾಗ ವಿಡಿಯೊ ಮಾಡಿದಳು. ಹತ್ತೂ ಜನ ತಪ್ಪಿಲ್ಲದೆ ಎಣಿಸಿದರು.

ಹನುಮಂತಯ್ಯನವರಿಗೆ ಅದು ಹಿಡಿಸಲಿಲ್ಲ. ಎಲ್ಲರೂ ಸರಿಯಾಗಿ ಎಣಿಸಿದರೆ ಪ್ರಬಂಧದಲ್ಲಿ ಬರೆಯಲು ಏನುಳಿಯಿತು, ತಪ್ಪು ಎಣಿಸುವವನೊಬ್ಬ ಬೇಕು, ಹುಡುಕು ಎಂದರು. ಅವಳು ಅದನ್ನು ಊಟಕ್ಕೆ ಕೂತಾಗ ಹೇಳಿದಳು. ಹುಡುಕುವ ಮಾತಾಗಿಯೇ ಹೇಳಿದ್ದು.

ರುದ್ರೇಶ ತಟ್ಟೆಯಿಂದ ತಲೆಯೆತ್ತಿದ. "ನಾನಿದೀನಲ್ಲ."

ಅವಳು ಬೇಡ ಎನ್ನಲಿಲ್ಲ.

ಮಾರನೆಯ ದಿನ ಅವನು ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಕಣಕ್ಕೆ ಬಂದ. ಕ್ಯಾಮೆರಾ ಮುಂದೆ ಎಣಿಸಿದ. ಇನ್ನೂರು ದಾಟಿದ ಮೇಲೆ ನಿಂತ. ಗುರುತಿನ ಕಾಯಿಗಳ ಕಡೆ ನೋಡಿದ, ಅವಳ ಕಡೆ ನೋಡಿದ, ಹಣೆಯ ಬೆವರು ಒರೆಸಿಕೊಂಡು ಮೊದಲಿಂದ ಶುರುಮಾಡಿದ. ಮೂರನೆಯ ಸಲ ಶುರುಮಾಡುವಾಗ ಅವನ ಬೆರಳು ಅದುರುವುದು ವಿಡಿಯೊದಲ್ಲಿ ಚೆನ್ನಾಗಿ ಬಂತು.

ಅದಾದ ಮೇಲೆ ಎಷ್ಟೋ ದಿನ ಟೀ ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದ. ನಮ್ಮನೆಯವಳ ಪುಸ್ತಕದಲ್ಲಿ ನಾನೂ ಇದೀನಿ ಕಣ್ಲಾ.

*

ವಿಡಿಯೊಗೆ ಸಾಲುವಷ್ಟು ಸಿಗ್ನಲ್ ಸಿಗುವುದು ಕೊಬ್ಬರಿ ಅಟ್ಟದಲ್ಲಿ ಮಾತ್ರ. ಮಧುಶ್ರೀ ಮದುವೆಯ ಸೀರೆಯ ನೆರಿಗೆ ಎತ್ತಿ ಹಿಡಿದು ಏಣಿ ಹತ್ತಿದಳು. ಗೋಡೆಗೆ ಕಾಯಿಯ ರಾಶಿ ಸೂರು ಮುಟ್ಟುವಂತೆ ಒಟ್ಟಿತ್ತು. ಖಾಲಿ ಮೂಟೆಗಳ ಮೇಲೆ ಲ್ಯಾಪ್‌ಟಾಪು ಇಟ್ಟು, ಚೀಲ ಹಾಸಿಕೊಂಡು ಕುಳಿತಳು. ಗಾಳಿಯಾಡಲೆಂದು ಅಟ್ಟದ ನೆಲಕ್ಕೆ ಹಲಗೆ ಬದಲು ಬಿದಿರುಗಳ ಸಾಲು ಜೋಡಿಸಿದ್ದರು. ಸಂದಿಯಲ್ಲಿ ಕೆಳಗಿನ ಪಡಸಾಲೆ ಪಟ್ಟೆ ಪಟ್ಟೆಯಾಗಿ ಕಾಣುತ್ತಿತ್ತು. ರಾಜಣ್ಣನ ಬೆನ್ನು, ಅಯ್ಯನವರ ಪೇಟ, ರುದ್ರೇಶನ ಎರಡು ಪಾದ.

ಪರದೆಯ ಮೇಲೆ ಮೂವರು ಮೂಡಿದರು. ಹನುಮಂತಯ್ಯ, ಸುಮ್ಮನೆ ಕೂತ ಇನ್ನೊಬ್ಬರು, ನಡುವೆ ಬೆಳ್ಳಿಗೂದಲಿನ ಹೆಂಗಸು. ಅವರೇ ಧಾರವಾಡದವರು. ಅವಳನ್ನು ನೋಡಿ ಅವರ ಮುಖ ಅರಳಿತು.

"ಏನವಾ, ಹಬ್ಬದಂಗ ಹೂ ಮುಡಕೊಂಡು, ಕೈತುಂಬ ಬಳಿ ಇಟಗೊಂಡು ಕುಂತೀರಲ್ಲ. ಹಿಂಗ ಇರಬೇಕು. ನಮ್ಮ ಹುಡಿಗ್ಯಾರು ವೈವಾ ಅಂದ್ರ ಸತ್ತೋರ ಮನ್ಯಾಗ ಕುಂತಂಗ ಕುಂತಿರ್ತಾವು."

ಹನುಮಂತಯ್ಯ ನಕ್ಕರು. ಮಧುಶ್ರೀ ನಮಸ್ಕಾರ ಮಾಡಿದಳು. ಬಳೆಗಳು ಜಾರಿ ಸದ್ದು ಮಾಡಿದವು.

ಅವಳು ಬೆಳಗ್ಗೆ ಹೇಳಿಕೊಂಡಿದ್ದನ್ನೇ ಈಗ ಗಟ್ಟಿಯಾಗಿ ಹೇಳಿದಳು. ಸಮಸ್ಯೆ, ಉದ್ದೇಶ, ವಿಧಾನ. ಎಲ್ಲೂ ತಪ್ಪಲಿಲ್ಲ. ಕೆಳಗೆ ಯಾರೋ ಇನ್ನೊಂದು ಹಂಡೆ ಬಿಸಿನೀರು ಕೇಳುತ್ತಿದ್ದರು. ವಿಭೂತಿ, ಧೂಪದ ವಾಸನೆ ಬಿದಿರಿನ ಸಂದಿಯಿಂದ ಮೇಲೆ ಬರುತ್ತಿತ್ತು. ಫಲಿತಾಂಶದ ಪುಟಕ್ಕೆ ಬಂದಾಗ ಪರೀಕ್ಷಕರು ಕೈಯೆತ್ತಿ ತಡೆದರು.

"ನಿಮ್ಮ ಹನ್ನೊಂದನೇ ಮಾಹಿತಿದಾರ ಅದಾರಲ್ಲ, ಅವರನ್ನ ಓದಿ ನನಗ ರಾತ್ರಿ ನಿದ್ದಿ ಬರಲಿಲ್ಲ ನೋಡ್ರಿ. ಉಳಿದ ಹತ್ತು ಮಂದಿ ಒಂದು ತೂಕ, ಅವರೊಬ್ಬರು ಒಂದು ತೂಕ. ಇಡೀ ಪ್ರಬಂಧದ ಜೀವ ಅವರು."

ಮಧುಶ್ರೀ ಥ್ಯಾಂಕ್ಯೂ ಎಂದಳು.

*

ಎರಡು ವರ್ಷದ ಹಿಂದೆ, ಪ್ರಬಂಧ ಒಪ್ಪಿಸುವ ಮುನ್ನ ವಿಭಾಗದವರೆದುರು ಮಂಡಿಸಬೇಕಾಗಿ ಬಂದ ದಿನ, ರುದ್ರೇಶ ತಾನೂ ಬರುತ್ತೇನೆಂದ. ಬೈಕಿನಲ್ಲೇ ಹೋದರು. ಅವನು ಸಭಾಂಗಣದ ಕೊನೆಯ ಸಾಲಿನಲ್ಲಿ, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅವನು ಯಾರೆಂದು ಅವಳು ಯಾರಿಗೂ ಹೇಳಲಿಲ್ಲ. ಹೇಳುವ ಸಂದರ್ಭ ಬರಲಿಲ್ಲ.

ಅವಳು ವಿಡಿಯೊ ಹಾಕಿದಳು. ಗೋಡೆಯ ಮೇಲೆ ಅವನ ಎರಡು ಕೈ ಮಾತ್ರ ಕಾಣುವಂತೆ ಕತ್ತರಿಸಿದ್ದಳು. ಮುಖವಿರಲಿಲ್ಲ. ಮೊದಲ ಸಲ ಕೈ ತಡೆದು ನಿಂತಾಗ ಸಭೆ ಸುಮ್ಮನಿತ್ತು. ಎರಡನೆಯ ಸಲ ಯಾರೋ ಕಿಸಕ್ಕೆಂದರು. ಮೂರನೆಯ ಸಲ ರಾಶಿ ಮತ್ತೆ ಈಚೆಗೆ ಬರತೊಡಗಿದಾಗ ಪ್ರೊಫೆಸರುಗಳೂ ನಕ್ಕರು. ಬಾಲ್ಯದ ಅವಮಾನದಿಂದ ಉಂಟಾದ, ಸರಿಪಡಿಸಲಾಗದ ಸಂಖ್ಯಾಭಯ ಎಂದು ಅವಳು ಓದಿದಳು. ತಲೆಯೆತ್ತಿ ನೋಡಿದಾಗ ಕೊನೆಯ ಸಾಲಿನಲ್ಲಿ ರುದ್ರೇಶನೂ ನಗುತ್ತಿದ್ದ. ಎಲ್ಲರಿಗಿಂತ ಸ್ವಲ್ಪ ಜಾಸ್ತಿ ಹೊತ್ತು ನಕ್ಕ.

ವಾಪಸ್ಸು ಬರುವಾಗ ತಿಪಟೂರು ದಾಟಿದರು. ಆಮೇಲೆ ಗಾಳಿಯಲ್ಲೂ ಕೇಳಿಸಲೆಂದು ಅವನು ತಲೆಯನ್ನು ಅರ್ಧ ಹಿಂದಕ್ಕೆ ತಿರುಗಿಸಿ ಕೇಳಿದ.

"ಅದ್ರಲ್ಲಿ ನನ್ ಹೆಸರು ಹಾಕಿಲ್ಲ ಅಲ್ವಾ?"

"ಇಲ್ಲ. ಮಾಹಿತಿದಾರ ಹನ್ನೊಂದು ಅಂತ ಅಷ್ಟೆ."

"ಒಳ್ಳೇದಾಯ್ತು ಬುಡು."

ಮರುದಿನದಿಂದ ಎಣಿಕೆಯನ್ನು ರಾಜಣ್ಣನಿಗೆ ವಹಿಸಿದ. ಕಣದಲ್ಲಿ ತಾನು ಮೂಟೆ ಹೊಲಿಯುತ್ತಿದ್ದ, ಸುಲಿದ ಮಟ್ಟೆ ಒಟ್ಟುತ್ತಿದ್ದ, ಕಾಯಿ ಮುಟ್ಟುತ್ತಿರಲಿಲ್ಲ. ಟೀ ಅಂಗಡಿಯಲ್ಲಿ ಪುಸ್ತಕದ ಮಾತು ನಿಂತಿತು. ಆದರೆ ಅವಳನ್ನು ಬೆಳಗ್ಗೆ ಬಸ್ಸಿಗೆ ಬಿಡುವುದು, ಸಂಜೆ ಬಂದು ನಿಲ್ಲುವುದು ನಿಲ್ಲಲಿಲ್ಲ. ಪ್ರಬಂಧ ಮೂರು ಪ್ರತಿ ಬೈಂಡಾಗಿ ಬಂದಾಗ ಅದನ್ನು ಡಿಕ್ಕಿಯಲ್ಲಿಡದೆ, ಎದೆಗವಚಿಕೊಂಡು, ಒಂದೇ ಕೈಯಲ್ಲಿ ಬೈಕು ಓಡಿಸಿಕೊಂಡು ಬಂದಿದ್ದ. ಒಳಗೆ ತೆರೆದು ನೋಡಲಿಲ್ಲ.

*

"ಅವರು ಈಗ ಎಣಸ್ತಾರೇನು?" ಪರೀಕ್ಷಕರು ಕೇಳಿದರು.

"ಇಲ್ಲ ಮೇಡಂ."

"ಯಾಕ?"

ಕೆಳಗೆ ನಾಲ್ಕು ಜನ ರುದ್ರೇಶನನ್ನು ಎತ್ತಿ ಗೋಡೆಗೆ ಒರಗಿಸಿದರು. ಸೊಂಟದ ಕೆಳಗೆ ಮೈ ಮರದಂತೆ ಮುಂದಕ್ಕೆ ಚಾಚಿತ್ತು. ಬಸವರಾಜಪ್ಪನವರು ಏನೋ ಹೇಳಿದರು. ರಾಜಣ್ಣ ಆಗದು ಎಂಬಂತೆ ಕೈಯಾಡಿಸಿದ. ಬಸವರಾಜಪ್ಪನವರು ಇನ್ನೊಮ್ಮೆ ಹೇಳಿದರು.

"ಅಧ್ಯಯನ ಆದ ಮೇಲೆ ಅವರು ಎಣಿಸೋದು ಬಿಟ್ಟರು, ಮೇಡಂ."

"ಹಂಗಾದ್ರ ನಿಮ್ಮ ಸಂಶೋಧನಾದಿಂದ ಅವರಿಗೆ ಏನರ ಉಪಯೋಗ ಆತೇನು? ಸಿಟ್ಟಿಲೆ ಕೇಳಾಕತ್ತಿಲ್ಲ. ನಾವು ಎಲ್ಲಾರೂ ಕೇಳಿಕೋಬೇಕಾದ ಪ್ರಶ್ನಿ."

ಇದಕ್ಕೆ ಅವಳ ಬಳಿ ಸಿದ್ಧ ಉತ್ತರವಿತ್ತು. ಶಿಕ್ಷಕರ ತರಬೇತಿಯಲ್ಲಿ ಇಂಥ ಪ್ರಕರಣಗಳ ಬಳಕೆ, ಮುಂದಿನ ಪೀಳಿಗೆಯ ಮಕ್ಕಳು. ಅವಳು ಅದನ್ನು ಹೇಳತೊಡಗಿದಳು. ಬಿದಿರಿನ ಸಂದಿಯಲ್ಲಿ ರಾಜಣ್ಣ ಮಂಡಿಯೂರಿ ಕೂತ. ರುದ್ರೇಶನ ಬಲ ಹಿಮ್ಮಡಿಯನ್ನು ತನ್ನ ಎದೆಗೆ ಕೊಟ್ಟುಕೊಂಡು, ಎರಡೂ ಕೈಯಿಂದ ಮಂಡಿಯ ಕೆಳಗೆ ಹಿಡಿದ. ಇನ್ನೊಬ್ಬ ತೊಡೆಯ ಮೇಲೆ ಕೂತ. ಅಯ್ಯನವರು ಮಂತ್ರದ ದನಿ ಏರಿಸಿದರು.

ಅವಳು ಮುಂದಿನ ಪೀಳಿಗೆ ಎಂದಾಗ ಅದು ಆಯಿತು. ಮೂಳೆ ಮುರಿದ ಒಂದೇ ಸದ್ದು. ಅಟ್ಟದ ಬಿದಿರಿನಲ್ಲಿ ಹಾದು ಅವಳ ಕಾಲಿಗೆ ತಾಗಿತು.

ಪರೀಕ್ಷಕರು ಕಿವಿಯ ಹತ್ತಿರ ಕೈಯಿಟ್ಟುಕೊಂಡರು. "ಅದೇನ್ರೀ ಸಪ್ಪಳಾ?"

ಮಧುಶ್ರೀಯ ಬಾಯಿ ತೆರೆದೇ ಇತ್ತು. ಹನುಮಂತಯ್ಯ ಮೈಕಿನ ಹತ್ತಿರ ಬಾಗಿದರು. "ತೆಂಗಿನಕಾಯಿ ಸುಲೀತಿದಾರೆ ಮೇಡಂ. ಅದೇ ಅಲ್ವೇ ಅವರ ಫೀಲ್ಡು."

ಮೂವರೂ ನಕ್ಕರು. ಇದ್ದಲ್ಲೇ ಸಂಶೋಧನೆ, ಕ್ಷೇತ್ರ ಬಿಟ್ಟು ಬಂದೇ ಇಲ್ಲ ನೋಡ್ರಿ ಎಂದು ಪರೀಕ್ಷಕರು ಮೆಚ್ಚಿದರು. ಅವಳ ಬೆನ್ನಹಿಂದಿನ ಕಾಯಿ ರಾಶಿಯನ್ನು ಪಕ್ಕದವರಿಗೆ ತೋರಿಸಿದರು. ಆಮೇಲೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಕೊನೀ ಮಾತು. ಡಿಗ್ರಿ ಬಂತು ಅಂತ ಅವರನ್ನ ಬಿಡಬ್ಯಾಡ್ರಿ. ಇನ್ನೊಮ್ಮೆ ಹೋಗಿ ಕುಂತು ಮಾತಾಡಸ್ರಿ. ಏನು ಅನಸ್ತು ಅಂತ ಕೇಳ್ರಿ. ಅವರು ಸಿಗ್ತಾರಲ್ಲ?"

ಮಧುಶ್ರೀ ಕಣ್ಣು ಕೆಳಗಿಳಿಸಿದಳು. ರಾಜಣ್ಣ ಮೇಲುಸಿರು ಬಿಡುತ್ತ ಗೋಡೆಗೆ ತಲೆ ಕೊಟ್ಟು ನಿಂತಿದ್ದ. ಇನ್ನೊಂದಕ್ಕೆ ನನ್ ಕೈ ಏಳಾಕಿಲ್ಲ ಯಜಮಾನ್ರೆ ಎನ್ನುತ್ತಿದ್ದ.

"ಸಂಜೆವರೆಗೂ ಇಲ್ಲೇ ಇರ್ತಾರೆ ಮೇಡಂ."

"ಆಮ್ಯಾಲೆ?"

"ಆಮೇಲೆ ಇರಲ್ಲ."

"ಊರು ಬಿಡ್ತಾರೇನು?"

"ಹೌದು."

ಹನುಮಂತಯ್ಯ ಕೆಮ್ಮಿದರು, ನೆಟ್‌ವರ್ಕ್ ಕೈಕೊಡುವ ಮೊದಲು ಮುಗಿಸೋಣ ಎಂದರು. ಪರೀಕ್ಷಕರು ಹಂಗಾದ್ರ ಇವತ್ತ ಮಾತಾಡಸ್ರಿ ಎಂದು ಹೇಳಿ, ಸಂತೋಷದಿಂದ ಶಿಫಾರಸು ಮಾಡುತ್ತಿರುವುದಾಗಿ ಪ್ರಕಟಿಸಿದರು. ಮೂವರೂ ಚಪ್ಪಾಳೆ ತಟ್ಟಿದರು. ಹನುಮಂತಯ್ಯನವರು ಮೊದಲ ಬಾರಿಗೆ ಅವಳನ್ನು ಡಾಕ್ಟರ್ ಮಧುಶ್ರೀ ಎಂದು ಕರೆದರು. ಅಭ್ಯರ್ಥಿ ಕೃತಜ್ಞತೆ ಹೇಳುವುದು ಪದ್ಧತಿ. ಅವಳು ಹೇಳಿದಳು. ಮಾರ್ಗದರ್ಶಕರಿಗೆ, ವಿಭಾಗಕ್ಕೆ, ಮಾಹಿತಿದಾರರಿಗೆ. ಮನೆಯವರಿಗೆ ಎಂಬ ಸಾಲೂ ಪುಟದಲ್ಲಿತ್ತು. ಅದನ್ನೂ ಓದಿದಳು.

ಏಣಿ ಇಳಿಯುವಾಗ ನೆರಿಗೆಗೆ ಕಾಲು ಸಿಕ್ಕಿಕೊಂಡಿತು. ಯಾರೂ ಹಿಡಿಯಲು ಬರಲಿಲ್ಲ. ಅವಳೇ ಸರಿಮಾಡಿಕೊಂಡಳು.

ರುದ್ರೇಶನನ್ನು ಹೂವಿನ ಮಂಟಪ ಕಟ್ಟಿದ ಕುರ್ಚಿಯಲ್ಲಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ರೇಷ್ಮೆ ಪೇಟ. ಕತ್ತು ಬೀಳದಂತೆ ಬಿಳಿ ಬಟ್ಟೆಯಿಂದ ಹಿಂದಿನ ಕೋಲಿಗೆ ಕಟ್ಟಿತ್ತು. ಬಲಗಾಲು ಸಲೀಸಾಗಿ, ಅತಿಯಾಗಿಯೇ ಮಡಿದು ಎಡತೊಡೆಯ ಕೆಳಗೆ ಸೇರಿತ್ತು. ಎಡಗಾಲನ್ನು ಹೇಗೋ ಅರ್ಧ ಬಗ್ಗಿಸಿ ಹಗ್ಗ ಬಿಗಿದಿದ್ದರು.

ಚಿಕ್ಕಗೌರಮ್ಮ ಮಗನ ಬಲಗಡೆ ನೆಲದ ಮೇಲಿದ್ದರು. ತಲೆಯೆತ್ತಲಿಲ್ಲ.

"ಆಯ್ತಾ?"

"ಆಯ್ತು ಅತ್ತೆ."

"ನಮ್ದೂ ಆಯ್ತು."

ಮಧುಶ್ರೀ ಎಡಗಡೆ ಕೂತಳು. ಆಗಲೇ ಹಗ್ಗ ಸಡಿಲಾಗಿ ಎಡ ಮಂಡಿ ನಿಧಾನವಾಗಿ ಮೇಲೆದ್ದಿತು. ಹೊದಿಸಿದ ಶಲ್ಯ ಡೇರೆಯ ಹಾಗೆ ನಿಂತಿತು. ಹೆಂಗಸರಲ್ಲಿ ಒಬ್ಬಳು ಚೀರಲು ಬಾಯಿ ತೆಗೆದು ಮುಚ್ಚಿಕೊಂಡಳು. ರಾಜಣ್ಣ ಓಡಿ ಬಂದು ಅದನ್ನು ಒತ್ತಿಹಿಡಿದ. ಇನ್ನೊಂದು ಹಗ್ಗ ಹುಡುಕಲು ಹೇಳಿದ. ಯಾರಿಗೂ ಸಿಗಲಿಲ್ಲ. ಅವನನ್ನು ಗುಣಿಯ ಹತ್ತಿರ ಕರೆಯುತ್ತಿದ್ದರು.

"ಅಕ್ಕಾ, ನೀವು ಹಿಂಗೇ ಅಮುಕ್ಕಂಡು ಕೂತ್ಕಳಿ. ಎತ್ತೋವರ್ಗೂ. ಬುಟ್ರೆ ಎದ್ಬುಡ್ತದೆ."

ಅವಳು ಎರಡೂ ಅಂಗೈ ಇಟ್ಟು ಒತ್ತಿದಳು. ಶಲ್ಯದ ಕೆಳಗೆ ಮಂಡಿ ತಣ್ಣಗೆ, ಗಟ್ಟಿಯಾಗಿ ಒಂದೇ ಸಮನೆ ಎದುರು ಒತ್ತುತ್ತಿತ್ತು. ಅದುರುತ್ತಿರಲಿಲ್ಲ. ಬೆವರಿದ ಕೈ ಜಾರಿದಾಗ ಅವಳು ಮುಂದಕ್ಕೆ ಬಾಗಿ ಮೈಭಾರ ಬಿಟ್ಟಳು. ನೋಡಿದವರು ಗಂಡನ ಕಾಲ ಮೇಲೆ ಬಿದ್ದು ಅಳುತ್ತಿದ್ದಾಳೆ ಅಂದುಕೊಂಡರು. ಶಾಂತಕುಮಾರಿ ಕೂಡ ಆಗ ಅಳಲು ಶುರುಮಾಡಿದಳು. ಮಡಿಲಲ್ಲಿ ಫೋನು ಬಿಟ್ಟು ಬಿಟ್ಟು ಬೆಳಗುತ್ತಿತ್ತು. ಹನುಮಂತಯ್ಯನವರು ವಿಭಾಗದ ವಾಟ್ಸಾಪ್ ಗುಂಪಿಗೆ ಎರಡೂ ಸುದ್ದಿ ಹಾಕಿದ್ದರು. ಕೈಮುಗಿಯುವ ಚಿತ್ರಗಳ ಮೇಲೆ ಹೂಗುಚ್ಛದ ಚಿತ್ರಗಳು, ಅದರ ಮೇಲೆ ಮತ್ತೆ ಕೈಮುಗಿಯುವ ಚಿತ್ರಗಳು ಬಂದು ಬೀಳುತ್ತಿದ್ದವು.

ತಿಪಟೂರಿನಲ್ಲಿ ಅವಳು ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುವ ಬಿ.ಇಡಿ. ಕಾಲೇಜಿನವರು ಬಂದರು. ಸಾಲಿನಲ್ಲಿ ಮೊದಲಿದ್ದವನು ಉಜ್ವಲ್, ಅವಳ ಜೊತೆಗೇ ಕೆಲಸಕ್ಕೆ ಸೇರಿದವನು. ಚಪ್ಪಲಿ ಬಿಟ್ಟು, ಹೆಣದ ಮುಂದೆ ಒಂದು ಗಳಿಗೆ ನಿಂತ. ಪಕ್ಕಕ್ಕೆ ಬಂದು ಅವಳ ಕಿವಿಯ ಹತ್ತಿರ ಬಗ್ಗಿದ. ಗುಂಪಿನ ಸುದ್ದಿ ಅವನಿಗೂ ಬಂದಿತ್ತು.

"ಕಂಗ್ರಾಟ್ಸ್ ಮೇಡಂ," ಎಂದ, ಬಹಳ ಮೆಲ್ಲಗೆ. ಅವನ ಕಣ್ಣು ತುಂಬಿಕೊಂಡವು. ಬಲಗೈ ಚಾಚಿದ.

ಮಧುಶ್ರೀ ಆ ಕೈಯನ್ನು ನೋಡಿದಳು. ಮಂಡಿಯ ಮೇಲಿಂದ ತನ್ನ ಕೈಗಳನ್ನು ತೆಗೆಯಲಿಲ್ಲ.

ಅವನ ಹಿಂದೆ ಸಾಲು ಕಾಯುತ್ತಿತ್ತು. ಚಾಚಿದ ಕೈ ಹಾಗೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವನು ಇನ್ನೊಂದು ಕೈಯನ್ನೂ ತಂದು ಅದಕ್ಕೆ ಜೋಡಿಸಿ, ರುದ್ರೇಶನ ಕಡೆಗೆ ತಿರುಗಿಸಿ ಮುಗಿದ.